"ಮನಸ್ಸಿದ್ರೆ ಎಲ್ಲಾ ಆಗ್ತದೆ" ಅಂದರಂತೆ

ನನ್ನ ಹತ್ತಿರ ಕೌನ್ಸೆಲಿಂಗಿಗೆ ಬರುವ ಒಬ್ಬರ ಕಥೆ ಇದು. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಸುಮತಿ ಅಂತ ಕರೆಯೋಣ. ವಯಸ್ಸು 54. ತೀರ್ಥಹಳ್ಳಿ ಕಡೆಯ ತೋಟದ ಮನೆಯವರು, ಈಗ ಮಗನ ಜೊತೆ ಶಿವಮೊಗ್ಗದಲ್ಲಿದ್ದಾರೆ.

ನನ್ನ ಹತ್ತಿರ ಬಂದದ್ದು ನಿದ್ದೆ ಬರಲ್ಲ ಅಂತ. ನಿದ್ದೆ ಮೊದಲೂ ಕಮ್ಮಿಯೇ ಇತ್ತು, ಆದರೆ ಪೂರ್ತಿ ಕೆಟ್ಟದ್ದು ಯೋಗ ಕ್ಲಾಸ್ ಬಿಟ್ಟ ಮೇಲೆ ಅಂತ ಎರಡನೇ ಭೇಟಿಯಲ್ಲಿ ಗೊತ್ತಾಯಿತು. ಪಕ್ಕದ ಮನೆಯವರು ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಐದೂವರೆಯ ಬ್ಯಾಚ್, ನಲವತ್ತು ಜನ. ರಥಸಪ್ತಮಿಗೆ 108 ಸೂರ್ಯನಮಸ್ಕಾರ ಮಾಡಬೇಕು ಅಂತ ಅಲ್ಲಿ ಆಗಲೇ ತಯಾರಿ ನಡೆದಿತ್ತು. ಮೂರನೇ ದಿನ ಇವರೂ 24 ಹಾಕಿದರು. ಮಾರನೆ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಾಯಿತು. ಮಂಡಿ ನೋವು ಅಂದದ್ದಕ್ಕೆ ಹೇಳಿಕೊಡುವವರು "ಮನಸ್ಸಿದ್ರೆ ಎಲ್ಲಾ ಆಗ್ತದೆ" ಅಂದರಂತೆ.

"ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ನಡುರಾತ್ರಿ ತನಕ ಕೂತವಳು ನಾನು. ನನ್ನ ಮನಸ್ಸು ಗಟ್ಟಿ ಇಲ್ವಾ ಮೇಡಂ?"

ಇದನ್ನು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಅಷ್ಟು ವರ್ಷ ಕೂತ ಮಂಡಿ ಅದು, ಅದಕ್ಕೂ ಮನಸ್ಸಿಗೂ ಗಂಟು ಹಾಕಬೇಡಿ ಅಂದೆ. ತಪ್ಪಿದ್ದು ಕ್ಲಾಸಿನ ಆಯ್ಕೆ, ನೀವಲ್ಲ.

ನಿಮಗೆ ಯೋಗದಿಂದ ಏನು ಬೇಕು ಅಂತ ಒಂದು ಚೀಟಿಯಲ್ಲಿ ಬರೆಯಿರಿ ಅಂದೆ. ತುಂಬಾ ಹೊತ್ತು ಪೆನ್ನು ಹಿಡಿದು ಕೂತರು. ಕೊನೆಗೆ ಬರೆದದ್ದು ಎರಡೇ ಸಾಲು: "ರಾತ್ರಿ ನಿದ್ದೆ. ಮೊಮ್ಮಗಳ ಜೊತೆ ನೆಲದ ಮೇಲೆ ಕೂತು, ಯಾರ ಕೈಯೂ ಹಿಡಿಯದೆ ಏಳೋದು." ಇದಕ್ಕೆ 108 ನಮಸ್ಕಾರ ಯಾಕೆ ಬೇಕು ಹೇಳಿ?

ಬೋರ್ಡಿನ ಮೇಲೆ ಎಲ್ಲಾ ಕಡೆ "ಯೋಗ" ಅಂತಲೇ ಇರುತ್ತದೆ, ಒಳಗೆ ನಡೆಯುವುದು ಮಾತ್ರ ಬೇರೆ ಬೇರೆ. ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಹತ್ತಿರ ಕಲಿತ ಇಬ್ಬರನ್ನೇ ನೋಡಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಉಸಿರಿನ ಲೆಕ್ಕಕ್ಕೆ ಒಂದರ ಹಿಂದೆ ಒಂದು ಆಸನ, ನಡುವೆ ಜಿಗಿತ, ಒಳ್ಳೇ ಬೆವರು. ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯಲ್ಲಿ ಕುರ್ಚಿ, ಬೆಲ್ಟು, ದಿಂಬು, ಗೋಡೆ ಎಲ್ಲದರ ಆಸರೆ ತಗೊಂಡು ಒಂದೊಂದರಲ್ಲೂ ನಿಲ್ಲಿಸುತ್ತಾರೆ. ಯಾವುದು ಮೇಲು ಅನ್ನೋ ಪ್ರಶ್ನೆಯೇ ಇಲ್ಲ, ಸುಮತಿಯವರ ಮಂಡಿಗೆ ಎರಡನೆಯದು ಹತ್ತಿರ.

ಅವರಿಗೆ ಬಿಪಿ ಮಾತ್ರೆಯೂ ಇದೆ. ಆ ಕ್ಲಾಸಿನಲ್ಲಿ ಯಾರೂ ಕೇಳಿರಲೇ ಇಲ್ಲ! ಬಿಪಿ ಇರುವವರು ಡಾಕ್ಟರನ್ನು ಕೇಳದೆ ಶೀರ್ಷಾಸನ, ಉಸಿರು ಕಟ್ಟಿ ಹಿಡಿಯುವುದು, ಜೋರಾಗಿ ಭಸ್ತ್ರಿಕಾ (ತಿದಿ ಒತ್ತಿದ ಹಾಗೆ ರಭಸದಿಂದ ಉಸಿರು ಎಳೆದು ಬಿಡುವ ಪ್ರಾಣಾಯಾಮ) ಮಾಡುವುದು ಬೇಡ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಆಮೇಲೆ ಹೇಳಿದ್ದು ಇಷ್ಟು: ಸೇರುವ ಮುಂಚೆ ಒಂದು ದಿನ ಸುಮ್ನೆ ಕೂತು ನೋಡಿ. ಆಗದವರಿಗೆ ಅಲ್ಲಿ ಏನು ಮಾಡಿಸುತ್ತಾರೆ ಅಂತ ಗಮನಿಸಿ. ನಿಮ್ಮ ಕಾಯಿಲೆ, ಮಾತ್ರೆ ಅವರಾಗಿಯೇ ಕೇಳಿದರೆ ಒಳ್ಳೆಯದು, ಕೇಳದಿದ್ದರೆ ನೀವೇ ಹೇಳಿ ಮುಖ ನೋಡಿ. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಬೇಡಿ.

ಕಷ್ಟದ ಕೆಲಸ ಬೇರೆಯೇ ಇತ್ತು. "ಇದು ನನಗೆ ಆಗಲ್ಲ" ಅನ್ನೋ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ನನ್ನ ಎದುರಿಗೇ ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಪಿಸುಗುಟ್ಟಿದರು, ನಾಲ್ಕನೇ ಸಲ ನನ್ನ ಮುಖ ನೋಡಿಯೇ ಹೇಳಿದರು.

ಹದಿನೈದು ದಿನದ ಮೇಲೆ ಬಂದರು. ಎರಡು ಕ್ಲಾಸ್ ನೋಡಿ, ಎಂಟೇ ಜನ ಇರುವ ಒಂದು ಸಂಜೆ ಕ್ಲಾಸಿಗೆ ಸೇರಿದ್ದಾರೆ. ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನ ಬಂದಾಗ "ಇದು ನನಗೆ ಆಗಲ್ಲ" ಅಂದರಂತೆ. ಕಲಿಸುವ ಹುಡುಗಿ "ಸರಿ ಅಮ್ಮ" ಅಂತ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಕೂರಿಸಿದಳಂತೆ. ಅಷ್ಟೇ. ಅದನ್ನು ಹೇಳುವಾಗ ಸುಮತಿಯವರ ಕಣ್ಣು ತುಂಬಿತ್ತು. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಮುಂದಿನ ಭೇಟಿಗಳಲ್ಲಿ ಅದರ ಬಗ್ಗೆಯೇ ಮಾತಾಡಬೇಕು.