ನೀರಲ್ಲಿ ಕರಗದ ಡ್ರಗ್‌ನ ಜೆಲ್ ಮಾಡೋಕೆ ನ್ಯಾನೋಎಮಲ್ಷನ್ ಒಳ್ಳೇದಾ, ಎಮಲ್ಜೆಲ್ ಒಳ್ಳೇದಾ?

ಅಯ್ಯೋ, ಇದು ನಂದೇ ಪ್ರಶ್ನೆ. ನ್ಯಾನೋಎಮಲ್ಷನ್ ಅಂದ್ರೆ ಡ್ರಗ್ ಕರಗಿಸಿದ ಎಣ್ಣೆನ ಅತಿ ಸಣ್ಣ ಹನಿಗಳಾಗಿ ನೀರಲ್ಲಿ ಹರಡೋದು, ಎಮಲ್ಜೆಲ್ ಅಂದ್ರೆ ಎಣ್ಣೆ-ನೀರಿನ ಎಮಲ್ಷನ್‌ನ ಜೆಲ್ ಮಾಡೋದು. ಎಂ.ಫಾರ್ಮ್ ಎರಡನೇ ವರ್ಷ ಪೂರ್ತಿ ಇದನ್ನೇ ತಲೆಗೆ ಹಚ್ಕೊಂಡು ಓಡಾಡಿದೀನಿ. ನನ್ನ ಡ್ರಗ್ಗು ಕ್ಲೋಟ್ರಿಮಝೋಲ್ (ಚರ್ಮದ ಫಂಗಸ್‌ಗೆ ಹಚ್ಚೋದು), 1% ಜೆಲ್. ನೀರಲ್ಲಿ ಕರಗೋದು ಮಿಲಿಗೆ ಅರ್ಧ ಮೈಕ್ರೋಗ್ರಾಮ್ ಆಸುಪಾಸು, ಕರಗಲ್ಲ ಅಂತಲೇ ಇಟ್ಕೊಳ್ಳಿ. ಆದ್ರೆ ಪಿಇಜಿ 400 ಅನ್ನೋ ನೀರಲ್ಲಿ ಬೆರೆಯೋ ಸಾಲ್ವೆಂಟ್‌ನಲ್ಲಿ ಸಲೀಸಾಗಿ ಕರಗುತ್ತೆ.

ನನ್ನ ಲೆಕ್ಕ ಹೀಗಿತ್ತು: ಒಂದು ಗ್ರಾಮ್ ಪಿಇಜಿ 40 ಮಿಲಿಗ್ರಾಮ್ ಡ್ರಗ್ ಹಿಡೀತು, ಜೆಲ್‌ನಲ್ಲಿ ಪಿಇಜಿ ಕಾಲುಭಾಗ, ಹಾಗಾದ್ರೆ ಜೆಲ್ ಗ್ರಾಮಿಗೆ 10 ಮಿಲಿಗ್ರಾಮ್ ಹಿಡಿಯುತ್ತೆ, ಕರೆಕ್ಟಾಗಿ 1%. ಎಷ್ಟು ಚಂದ ಕೂತ್ಕೊಳ್ತು ನೋಡಿ! ಇದೇ ನನ್ನ ಮುಳುಗಿಸಿದ್ದು. ನೀರು ಸೇರ್ತಾ ಹೋದ ಹಾಗೆ ಸೊಲ್ಯುಬಿಲಿಟಿ (ಎಷ್ಟು ಡ್ರಗ್ ಕರಗುತ್ತೆ ಅನ್ನೋದು) ಮೆಟ್ಟಿಲಿಳಿದ ಹಾಗೆ ಇಳಿಯಲ್ಲ, ಬಾವಿಗೆ ಬಿದ್ದ ಹಾಗೆ ಬೀಳುತ್ತೆ. ಯಾಲ್ಕೋವ್ಸ್ಕಿಯ ಲಾಗ್-ಲೀನಿಯರ್ ಸೂತ್ರ (ಸಾಲ್ವೆಂಟ್ ಪಾಲು ಇಳಿದ ಹಾಗೆ ಸೊಲ್ಯುಬಿಲಿಟಿಯ ಲಾಗ್ ನೇರ ಗೆರೆಯಲ್ಲಿ ಇಳಿಯುತ್ತೆ ಅನ್ನೋದು) ಹಾಕಿದ್ರೆ ಕಾಲುಭಾಗ ಪಿಇಜಿಯಲ್ಲಿ ಮಿಲಿಗೆ 8 ಮೈಕ್ರೋಗ್ರಾಮ್ ಬರುತ್ತೆ, ಸಾವಿರ ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಆ ಸೂತ್ರ ಎಕ್ಸಾಮ್‌ಗೆ ಓದಿದ್ದೆ, ಬರ್ದೂ ಇದ್ದೆ, ಬೆಂಚ್ ಮೇಲೆ ಮಾತ್ರ ನೆನಪಾಗ್ಲಿಲ್ಲ.

ಜೆಲ್ ಗಟ್ಟಿ ಮಾಡೋ ಪಾಲಿಮರ್ ಕಾರ್ಬೊಪಾಲ್ 940 ರಾತ್ರಿಯೆಲ್ಲಾ ನೆನೆಸಿಟ್ಟಿದ್ದೆ, ಅದಕ್ಕೆ ಪಿಇಜಿಯಲ್ಲಿ ಕರಗಿಸಿದ ಡ್ರಗ್ ಹಾಕಿ, ಟ್ರೈಎಥನೋಲಮೀನ್ ಅನ್ನೋ ಬೇಸ್ ಒಂದೊಂದೇ ತೊಟ್ಟು ಬಿಟ್ಟು ಪಿಎಚ್ 6.5ಕ್ಕೆ ತಂದೆ, ಗಟ್ಟಿ ಆಯ್ತು, ಸ್ವಲ್ಪ ಮಬ್ಬಿತ್ತು, ಗಾಳಿ ಗುಳ್ಳೆ ಇರ್ಬೇಕು ಅಂತ ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಅಲುಗಾಡಿಸಿ) ಇಟ್ಟೆ. ಗುಳ್ಳೆ ಅಲ್ಲ ಸ್ವಾಮಿ, ಅದು ಆಗಲೇ ಹೊರಗೆ ಬಂದಿದ್ದ ಡ್ರಗ್ಗು. ಅಸೇ (ಒಟ್ಟು ಡ್ರಗ್ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) 98% ಬಂತು, ಯಾಕಂದ್ರೆ ಅಸೇಗೆ ಸ್ಯಾಂಪಲ್‌ನ ಮೆಥನಾಲ್‌ನಲ್ಲಿ ಕರಗಿಸ್ತೀವಲ್ಲ, ಹರಳುಗಳೂ ಅದರಲ್ಲೇ ಕರಗಿ ಹೋಗ್ತವೆ, ಏನೂ ಗೊತ್ತಾಗಲ್ಲ. ಹತ್ತು ದಿನ ಬಿಟ್ಟು ಹೆಬ್ಬೆರಳು ತೋರುಬೆರಳ ಮಧ್ಯೆ ತಿಕ್ಕಿದ್ರೆ ಸಣ್ಣ ರವೆ ಸಿಕ್ಕ ಹಾಗೆ ಆಯ್ತು. ಸ್ಲೈಡ್ ಮೇಲೆ ಹಾಕಿ ನೋಡ್ತೀನಿ, ಸೂಜಿ ಸೂಜಿ. ಸಣ್ಣ ಕಣ ಕರಗಿ ದೊಡ್ಡದಕ್ಕೆ ಅಂಟ್ಕೊಂಡು ಬೆಳೆದಿತ್ತು. ಅಲ್ಲೀವರೆಗಿನ ರಿಲೀಸ್ ಡೇಟಾ (ಜೆಲ್‌ನಿಂದ ಡ್ರಗ್ ಎಷ್ಟು ಹೊರಗೆ ಬರುತ್ತೆ ಅನ್ನೋ ಲೆಕ್ಕ) ಕಸದ ಬುಟ್ಟಿಗೆ.

ಅದಕ್ಕೇ ನ್ಯಾನೋನಾ ಎಮಲ್ಜೆಲ್ಲಾ ಅನ್ನೋ ಪ್ರಶ್ನೆನೇ ಬೇಡ ಅಂತೀನಿ. ಟೈಟಲ್‌ನಲ್ಲಿ ನ್ಯಾನೋ ಇದ್ರೆ ಗೈಡ್‌ಗೆ ಖುಷಿ, ಅಷ್ಟೇ. ಡ್ರಗ್ ಕರಗಲೇಬೇಕು ಅಂತ ನಿಮಗೆ ಯಾರು ಹೇಳಿದ್ದು? ಮೊಡವೆಗೆ ಹಚ್ಚೋ ಅಡಾಪಲೀನ್ 0.1% ಜೆಲ್‌ನಲ್ಲಿ ಡ್ರಗ್ ಇರೋದು ಸಣ್ಣ ಸಣ್ಣ ಹರಳಾಗೇ. ಹರಳಿದ್ರೆ ತಪ್ಪಿಲ್ಲ, ನಿಮಗೇ ಗೊತ್ತಿಲ್ದೆ ಇರ್ಬಾರ್ದು. ಇನ್ನು ಸಿಕ್ಕಾಪಟ್ಟೆ ಸಾಲ್ವೆಂಟ್ ಸುರಿದು ಕರಗಿಸಿದ್ರೂ ಡ್ರಗ್ ಜೆಲ್‌ನಲ್ಲೇ ಹಾಯಾಗಿ ಕೂತ್ಕೊಂಡು ಚರ್ಮದೊಳಗೆ ಹೋಗೋಕೆ ಒಪ್ಪಲ್ಲ.

ಮೊದ್ಲು ನಿಮ್ಮ ಫೈನಲ್ ಜೆಲ್‌ನಲ್ಲಿ ಇರೋ ಅಷ್ಟೇ ನೀರು, ಅಷ್ಟೇ ಸಾಲ್ವೆಂಟ್, ಅದೇ ಪಿಎಚ್ ಇಟ್ಟು, ಪಾಲಿಮರ್ ಒಂದು ಬಿಟ್ಟು, ಸೊಲ್ಯುಬಿಲಿಟಿ ಅಳೀರಿ. ಎರಡು ದಿನದ ಕೆಲ್ಸ. ಫ್ರಾಂಜ್ ಸೆಲ್‌ನ (ಮೇಲೆ ಜೆಲ್, ಮಧ್ಯೆ ಪೊರೆ, ಕೆಳಗೆ ದ್ರವ ಇಟ್ಟು ರಿಲೀಸ್ ಅಳೆಯೋ ಸಾಧನ) ಕೆಳಗೆ ಬರೀ ಪಿಎಚ್ 7.4 ಬಫರ್ ಹಾಕ್ಬೇಡಿ, ಅಲ್ಲೂ ಡ್ರಗ್ ಕರಗದೆ ಜೆಲ್‌ಗೆ ಕೆಟ್ಟ ಹೆಸರು ಬರುತ್ತೆ.

ನಿಮ್ಮ ಡ್ರಗ್ ಯಾವುದು ಅಂತ ಬರ್ದೇ ಇಲ್ವಲ್ಲ, ಆಸಿಡ್ಡಾ ಬೇಸಾ? ಆಸಿಡ್ ಆಗಿದ್ರೆ ಪಿಎಚ್ ಏರಿಸಿದ್ರೇನೇ ಅರ್ಧ ತಲೆನೋವು ಮುಗೀಬಹುದು.