ಆಟದ ಪ್ರಶ್ನೆ: ಗೋಲಿಯ ಕೈ, ಡಿಫೆಂಡರ್‌ನ ಕಾಲು

ಪ್ರಶ್ನೆ: ಮೇಷ್ಟ್ರೇ, ಮಳೆ ಬಂದು ಮೈದಾನವೆಲ್ಲಾ ಕೆಸರಾಗಿತ್ತು. ಎದುರು ತಂಡದ ಡಿಫೆಂಡರ್ ಚೆಂಡನ್ನು ದೂರ ಒದೆಯಲು ಹೋಗಿ ಜಾರಿದ. ಚೆಂಡು ಅವನ ಬೂಟಿಗೆ ತಾಗಿ ಹಿಂದಕ್ಕೆ ಹೋಯಿತು. ಗೋಲಿ (ಗೋಲ್‌ಕೀಪರ್) ಕೈಯಲ್ಲಿ ಎತ್ತಿಕೊಂಡ. ನಾವು ಬ್ಯಾಕ್‌ಪಾಸ್ ಎಂದು ಎಷ್ಟು ಕೂಗಿದರೂ ರೆಫ್ರಿ ಕೇಳಲಿಲ್ಲ. ನಮಗೆ ಪೆನಾಲ್ಟಿ ಸಿಗಬೇಕಿತ್ತಲ್ವಾ?
– ಓದುಗ, ಸುಂಟಿಕೊಪ್ಪ

ಉತ್ತರ: ಕೊಡಗಿನಿಂದ ಹಾಕಿ ಬಿಟ್ಟು ಫುಟ್‌ಬಾಲ್ ಪ್ರಶ್ನೆ ಬಂತು, ಖುಷಿಯಾಯಿತು. ಆದರೆ ಉತ್ತರ ನಿಮಗೆ ಖುಷಿ ಕೊಡುವುದಿಲ್ಲ. ರೆಫ್ರಿ ಮಾಡಿದ್ದೇ ಸರಿ.

1990ರ ವಿಶ್ವಕಪ್‌ನಲ್ಲಿ ಡಿಫೆಂಡರ್ ಗೋಲಿಗೆ ಕೊಡುವುದು, ಅವನು ಎತ್ತಿಕೊಂಡು ಸಮಯ ತಳ್ಳುವುದು ಜಾಸ್ತಿಯಾಗಿತ್ತು. ನೋಡುವವರಿಗೆ ಬೇಸರ. ಅದಕ್ಕೇ 1992ರಲ್ಲಿ ಈ ಬ್ಯಾಕ್‌ಪಾಸ್ ನಿಯಮ ತಂದರು. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಗೋಲಿಗೆ ಒದ್ದ ಚೆಂಡನ್ನು ಗೋಲಿ ಕೈಯಿಂದ ಮುಟ್ಟಬಾರದು. ಇಲ್ಲಿ 'ಬೇಕೆಂದೇ' ಅನ್ನುವುದೇ ಮುಖ್ಯ. ನೀವು ಹೇಳಿದ ಡಿಫೆಂಡರ್ ಚೆಂಡನ್ನು ಮುಂದಕ್ಕೆ ಕಳಿಸಲು ಹೊರಟಿದ್ದ, ಕೆಸರು ಹಿಂದಕ್ಕೆ ಕಳಿಸಿತು. ಇಂಥ ಹೊತ್ತಲ್ಲಿ ರೆಫ್ರಿ ಗೋಲಿಯ ಕೈ ನೋಡುತ್ತಾ ಕೂರುವುದಿಲ್ಲ. ಒದೆಯುವವನ ಸೊಂಟ ಯಾವ ಕಡೆ ತಿರುಗಿತ್ತು, ತಲೆ ಎತ್ತಿ ಗೋಲಿಯನ್ನು ನೋಡಿದನಾ, ಅದನ್ನು ನೋಡುತ್ತಾನೆ. ತಲೆ, ಎದೆ, ಮಂಡಿಯಿಂದ ಕೊಟ್ಟರೆ ಗೋಲಿ ಧಾರಾಳವಾಗಿ ಹಿಡಿಯಬಹುದು.

ಇನ್ನು ಪೆನಾಲ್ಟಿ. ನಿಜವಾದ ಬ್ಯಾಕ್‌ಪಾಸ್ ಆಗಿದ್ದರೂ ಸಿಗುತ್ತಿದ್ದದ್ದು ಇನ್‌ಡೈರೆಕ್ಟ್ ಫ್ರೀ ಕಿಕ್ (ಇನ್ನೊಬ್ಬ ಆಟಗಾರನಿಗೆ ತಾಗದೆ ನೇರವಾಗಿ ಗೋಲ್ ಆಗದ ಒದೆತ) ಅಷ್ಟೇ. ವಿಸಿಲ್ ಹಿಡಿದ ಮೊದಲ ವರ್ಷ ನಾನೂ ಇಲ್ಲೇ ಎಡವಿದ್ದೆ. ಬ್ಯಾಕ್‌ಪಾಸ್ ಎತ್ತಿಕೊಂಡ ಗೋಲಿಗೆ ಪೆನಾಲ್ಟಿ ಕೊಟ್ಟುಬಿಟ್ಟೆ, ಗೋಲೂ ಆಯಿತು. ಮ್ಯಾಚ್ ಮುಗಿದ ಮೇಲೆ ಆ ಹುಡುಗ ಕೆಸರು ಮೆತ್ತಿದ ಗ್ಲೌಸನ್ನು ಹಲ್ಲಿನಿಂದ ಎಳೆದು ಬಿಚ್ಚುತ್ತಾ, "ಸಾರ್, ಬಾಕ್ಸ್ ಒಳಗೆ ನಂಗೆ ಹ್ಯಾಂಡ್‌ಬಾಲ್ ಪೆನಾಲ್ಟಿ ಹೇಗೆ ಸಾರ್?" ಎಂದ. ಸುಮ್ನೆ ನಿಂತಿದ್ದೆ. ಆ ರಾತ್ರಿ ನಿಯಮದ ಪುಸ್ತಕ ತೆಗೆದೆ.

ಪ್ರಶ್ನೆ: ಗೋಲಿ ಚೆಂಡು ಹಿಡಿದು ನಿಂತಿದ್ದಕ್ಕೆ ರೆಫ್ರಿ ಕಾರ್ನರ್ ಕೊಟ್ಟರು. ಇದು ಯಾವ ಲೆಕ್ಕ?
– ಓದುಗ, ಗೋಣಿಕೊಪ್ಪ

ಉತ್ತರ: ಹೊಸ ಲೆಕ್ಕ. 2025ರ ಜುಲೈನಿಂದ ಬಂದಿದೆ. ಗೋಲಿ 8 ಸೆಕೆಂಡಿಗಿಂತ ಹೆಚ್ಚು ಚೆಂಡು ಕೈಯಲ್ಲಿಟ್ಟುಕೊಂಡರೆ ಎದುರು ತಂಡಕ್ಕೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫ್ರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸುತ್ತಾನೆ. ಮೊದಲು 6 ಸೆಕೆಂಡ್ ಇತ್ತು, ಶಿಕ್ಷೆ ಇನ್‌ಡೈರೆಕ್ಟ್ ಫ್ರೀ ಕಿಕ್. ಅದನ್ನು ಕೊಡುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ ಅನ್ನಿ. ಗೋಲ್ ಮುಂದೆ ಹತ್ತಾರು ಜನ ಗುಂಪುಗೂಡಿ, ನೂಕಾಟ ಆಗಿ, ಆಟವೇ ಕೆಡುತ್ತಿತ್ತು.

ಪ್ರಶ್ನೆ: ಡಿಫೆಂಡರ್ ಚೆಂಡನ್ನು ಕಾಲಿನಿಂದ ಮೇಲೆತ್ತಿ, ತಾನೇ ತಲೆಯಿಂದ ಗೋಲಿಗೆ ಕೊಟ್ಟರೆ?
– ಓದುಗಿ, ವಿರಾಜಪೇಟೆ

ಉತ್ತರ: ಒಳ್ಳೇ ಉಪಾಯ. ಹಳದಿ ಕಾರ್ಡ್ ಗ್ಯಾರಂಟಿ. ನಿಯಮ ತಪ್ಪಿಸಲೆಂದೇ ಹೂಡಿದ ಆಟ ಎಂದು ರೆಫ್ರಿಗೆ ಅನಿಸಿದರೆ ಸಾಕು, ಗೋಲಿ ಆ ಚೆಂಡನ್ನು ಕೈಯಿಂದ ಮುಟ್ಟದೇ ಇದ್ದರೂ ಕಾರ್ಡ್ ಬರುತ್ತದೆ. ಉಪಾಯ ಶುರು ಮಾಡಿದ್ದು ಗೋಲಿಯೇ ಆದರೆ ಕಾರ್ಡ್ ಅವನಿಗೆ.