ಕೌಂಟಿ ಚುನಾವಣೆಗೆ ನಿಲ್ಲಬಹುದಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಹೊಸದಾಗಿ ಬಂದವರು ನನ್ನನ್ನು ಕೇಳುವುದು ಬಾಡಿಗೆ ಎಷ್ಟು, ಕಾರು ಯಾವುದು ತಗೊಳ್ಳಲಿ, ಇಷ್ಟೇ. ನೀನು ರಾಯಚೂರಿನಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ಗೆ ಬಂದು ಇನ್ನೂ ಸರಿಯಾಗಿ ಚಳಿಗಾಲ ನೋಡಿಲ್ಲ. ಆಗಲೇ "ಅಣ್ಣಾ, ಇಲ್ಲಿ ಕೌಂಟಿ ಚುನಾವಣೆಗೆ ನಮ್ಮಂಥವರು ನಿಲ್ಲಬಹುದಾ? ಈ ಡೇಟಾ ಸೆಂಟರ್ ದುಡ್ಡೆಲ್ಲ ಯಾರಿಗೆ ಹೋಗುತ್ತೆ? ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ನಮಗೆ, ಕರೆಂಟು ಬೆಂಗಳೂರಿಗೆ ಅನ್ನೋ ಹಾಗೆ ಇಲ್ಲೂ ಇದೆಯಾ?" ಅಂತ ಕೇಳಿದ್ದೀಯ.

ಎರಡನೆಯದಕ್ಕೆ ಮೊದಲು ಉತ್ತರ ಹೇಳ್ತೀನಿ. ನಿಲ್ಲಬೇಕಾ ಬೇಡವಾ ಅನ್ನುವುದು ಅದರ ಮೇಲೇ ನಿಂತಿದೆ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆಶ್‌ಬರ್ನ್ ಇರುವ ನಮ್ಮ ಲೌಡನ್ ಕೌಂಟಿಯಲ್ಲಿ 2000ದ ಜನಗಣತಿಯಲ್ಲಿ ಇದ್ದವರು ಸುಮಾರು 1.7 ಲಕ್ಷ. 2020ಕ್ಕೆ ಅದು 4.2 ಲಕ್ಷ ದಾಟಿತು. ಹಾಗೆ ಬಂದು ಸೇರಿದವರಲ್ಲಿ ನಮ್ಮವರೂ ಬೇಕಾದಷ್ಟು ಜನ. ಅದೇ ಕಾಲಕ್ಕೆ ಆಶ್‌ಬರ್ನ್ ಸುತ್ತ ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳೂ ಎದ್ದವು. ಇಂಟರ್ನೆಟ್‌ನ ಕಂಪ್ಯೂಟರ್‌ಗಳನ್ನು ಇಡುವ ಡೇಟಾ ಸೆಂಟರ್‌ಗಳು ಅವು. ಜಗತ್ತಿನಲ್ಲಿ ಇಷ್ಟು ಡೇಟಾ ಸೆಂಟರ್‌ಗಳು ಒತ್ತೊತ್ತಾಗಿರುವ ಜಾಗ ಇನ್ನೊಂದಿಲ್ಲ. ಒಳಗಿರುವ ಕಂಪ್ಯೂಟರ್‌ಗಳ ಮೇಲೂ ಕೌಂಟಿ ತೆರಿಗೆ ಹಾಕುತ್ತದೆ. ಕೌಂಟಿಗೆ ಬರುವ ಆಸ್ತಿ ತೆರಿಗೆಯಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲಿಂದಲೇ. ಅದಕ್ಕೇ 2025ರಲ್ಲಿ ಇಲ್ಲಿ ಮನೆಯ ಬೆಲೆಯ ಪ್ರತಿ 100 ಡಾಲರಿಗೆ ತೆರಿಗೆ 80.5 ಸೆಂಟ್ ಆದರೆ, ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಅದು ಒಂದು ಡಾಲರಿಗೂ ಜಾಸ್ತಿ. ನನ್ನ ಮಕ್ಕಳು ಓದಿದ ಸರ್ಕಾರಿ ಶಾಲೆ ಚೆನ್ನಾಗಿತ್ತು ಅಂದರೆ ಅದಕ್ಕೆ ಈ ದುಡ್ಡೂ ಒಂದು ಕಾರಣ. ಇದನ್ನು ಒಪ್ಪಿಕೊಳ್ಳಬೇಕು.

ಆದರೆ ಶಕ್ತಿನಗರದ ಹುಡುಗ ನೀನು, ಮುಂದಿನದು ನಿನಗೇ ಗೊತ್ತಾಗುತ್ತದೆ. ಇಷ್ಟು ಕರೆಂಟು ಎಲ್ಲಿಂದಲೋ ಬರಬೇಕಲ್ಲ. ಹೈ ಟೆನ್ಷನ್ ಲೈನು ಎಳೆಯಬೇಕು, ಸಬ್‌ಸ್ಟೇಷನ್ ಕಟ್ಟಬೇಕು. ಲೈನು ಬರುವುದು ಕೌಂಟಿಯ ಪಶ್ಚಿಮದ ಹೊಲ, ದ್ರಾಕ್ಷಿ ತೋಟಗಳ ಮೇಲೆ. ಸದ್ದು ಕೇಳುವುದು ಪಕ್ಕದ ಟೌನ್‌ಹೌಸ್‌ನವರಿಗೆ. ಮನೆಮನೆ ಪ್ರಚಾರಕ್ಕೆ ಹೋದಾಗ ಒಬ್ಬ ಅಜ್ಜಿ ನನ್ನನ್ನು ಹಿತ್ತಿಲ ಬಾಗಿಲಿಗೆ ಕರಕೊಂಡು ಹೋಗಿ "ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ" ಅಂದರು. ಬೇಲಿಯಾಚೆಯಿಂದ ಗುಂಯ್ ಅಂತ ಒಂದೇ ಸಮನೆ ಸದ್ದು. ಕೂಲಿಂಗ್ ಫ್ಯಾನ್‌ಗಳದು. ರಾತ್ರಿಯೂ ನಿಲ್ಲುವುದಿಲ್ಲವಂತೆ. ತೆರಿಗೆ ಕಮ್ಮಿಯಾದದ್ದು ಅವರಿಗೂ ಗೊತ್ತು. "ಕಟ್ಟುವ ಮೊದಲು ನನ್ನನ್ನೂ ಒಂದು ಮಾತು ಕೇಳಬೇಕಿತ್ತಲ್ಲವಾ?" ಅನ್ನುವುದಷ್ಟೇ ಅವರ ಪ್ರಶ್ನೆ.

ಆ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಾಷಿಂಗ್ಟನ್‌ನಲ್ಲಿಲ್ಲ. ಕೌಂಟಿಯ ಕೇಂದ್ರ ಲೀಸ್‌ಬರ್ಗ್‌ನಲ್ಲಿ ಕೂರುವ ಒಂಬತ್ತು ಜನ ಸೂಪರ್‌ವೈಸರ್‌ಗಳು, ಅಂದರೆ ಕೌಂಟಿ ನಡೆಸುವ ಬೋರ್ಡಿನ ಸದಸ್ಯರು. ಎಂಟು ಕ್ಷೇತ್ರಕ್ಕೆ ಎಂಟು ಜನ, ಇಡೀ ಕೌಂಟಿ ಆರಿಸುವ ಅಧ್ಯಕ್ಷರು ಒಬ್ಬರು. ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಅನ್ನುವುದು ಅವರ ಕೈಯಲ್ಲಿದೆ. ಮೊದಲು ಕೆಲವು ವಲಯಗಳಲ್ಲಿ ಡೇಟಾ ಸೆಂಟರ್ ಕಟ್ಟಲು ಬೋರ್ಡಿನ ಮತವೇ ಬೇಕಿರಲಿಲ್ಲ. 2025ರ ಮಾರ್ಚ್‌ನಲ್ಲಿ ಆ ಅವಕಾಶವನ್ನು ತೆಗೆದುಹಾಕಿದರು. ಈಗ ಹೊಸದಕ್ಕೆ ಸಾರ್ವಜನಿಕ ಹಿಯರಿಂಗ್, ಅಂದರೆ ಜನರ ಮಾತು ಕೇಳುವ ಸಭೆ ಆಗಬೇಕು, ಬೋರ್ಡ್ ಮತ ಹಾಕಬೇಕು. ವರ್ಷಗಟ್ಟಲೆ ಜನ ಬಂದು ಮಾತಾಡಿದ್ದರ ಫಲ ಅದು.

ಪಕ್ಕದ ಪ್ರಿನ್ಸ್ ವಿಲಿಯಂ ಕೌಂಟಿಯ ಕಥೆ ಇನ್ನೂ ಜೋರು. ಅಮೆರಿಕದ ಅಂತರ್ಯುದ್ಧ ನಡೆದ ಮನಾಸಸ್ ಯುದ್ಧಭೂಮಿಯ ಪಕ್ಕದ ಸುಮಾರು 2,100 ಎಕರೆಯಲ್ಲಿ ಡೇಟಾ ಸೆಂಟರ್ ಮಾಡುವ 'ಡಿಜಿಟಲ್ ಗೇಟ್‌ವೇ' ಯೋಜನೆ ಬಂತು. ಅದರ ಪರವಾಗಿದ್ದ ಬೋರ್ಡ್ ಅಧ್ಯಕ್ಷೆ ಆನ್ ವೀಲರ್ 2023ರ ಜೂನ್‌ನಲ್ಲಿ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಡೆಶುಂಡ್ರಾ ಜೆಫರ್ಸನ್ ಎದುರು ಸೋತರು. ಆದರೂ ಹೊಸ ಬೋರ್ಡ್ ಬರುವ ಮೊದಲೇ, ಡಿಸೆಂಬರ್‌ನಲ್ಲಿ, ಹಳೆ ಬೋರ್ಡು ಹಗಲು ರಾತ್ರಿ ಸುಮಾರು 27 ಗಂಟೆ ಸಭೆ ನಡೆಸಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಕೋರ್ಟು ಆ ಒಪ್ಪಿಗೆಯನ್ನು ರದ್ದು ಮಾಡಿತು. ಪೇಪರಿನಲ್ಲಿ ಒಳಪುಟಕ್ಕೆ ಹೋಗುವ ಚುನಾವಣೆ, ಆದರೆ ಊರಿನ ಚಹರೆಯನ್ನೇ ಬದಲಿಸುತ್ತದೆ.

ಇನ್ನೊಂದು ಅಸಮಾನತೆ ಇಲ್ಲಿಂದ ಕಾಣುವುದಿಲ್ಲ. ನಾಲ್ಕೈದು ಗಂಟೆ ದಕ್ಷಿಣಕ್ಕೆ ಕಾರು ಓಡಿಸಿದರೆ ಇದೇ ರಾಜ್ಯದ ಡ್ಯಾನ್‌ವಿಲ್. ಒಂದು ಕಾಲಕ್ಕೆ ತಂಬಾಕು, ಬಟ್ಟೆ ಮಿಲ್ಲುಗಳ ಊರು. ಡ್ಯಾನ್ ರಿವರ್ ಮಿಲ್ಲು 2006ರಲ್ಲಿ ಮುಚ್ಚಿತು. ಡೇಟಾ ಸೆಂಟರ್ ತೆರಿಗೆ ಅದು ನಿಂತ ಕೌಂಟಿಗೇ ಹೋಗುತ್ತದೆ. ಹಾಗಾಗಿ ನಮ್ಮ ಶಾಲೆ ಮತ್ತು ಅವರ ಶಾಲೆಯ ನಡುವಿನ ಅಂತರ ದೊಡ್ಡದು. ಅದನ್ನು ಸ್ವಲ್ಪ ಸರಿದೂಗಿಸಲು ರಾಜ್ಯ ಸರ್ಕಾರ ಶಾಲೆಗೆ ದುಡ್ಡು ಹಂಚುವಾಗ ಶ್ರೀಮಂತ ಕೌಂಟಿಗೆ ಕಮ್ಮಿ, ಬಡ ಕೌಂಟಿಗೆ ಜಾಸ್ತಿ ಕೊಡುತ್ತದೆ. ಸಿಗರೇಟ್ ಕಂಪನಿಗಳಿಂದ ಬಂದ ಪರಿಹಾರದ ಹಣದಿಂದ ತಂಬಾಕು ಪ್ರದೇಶಕ್ಕಾಗಿ 1999ರಲ್ಲಿ ಒಂದು ಆಯೋಗವನ್ನೇ ಮಾಡಿದರು. ನಮ್ಮಲ್ಲಿ ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳು ಹಿಂದುಳಿದಿವೆ ಅಂತ ಲೆಕ್ಕ ಕೊಟ್ಟಿತಲ್ಲ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನದ 371(ಜೆ) ಬಂತಲ್ಲ, ಆ ವಾದ ಕೇಳಿ ಬೆಳೆದ ನಿನಗೆ ಈ ರಾಜಕೀಯ ಇಲ್ಲಿ ಹುಟ್ಟಿದ ಎಷ್ಟೋ ಜನರಿಗಿಂತ ಬೇಗ ಅರ್ಥವಾಗುತ್ತದೆ. ಆ ಅನುಭವ ಇಲ್ಲಿನ ಬೋರ್ಡಿಗೆ ಬೇಕು ಅಂತ ನನ್ನ ಬಲವಾದ ನಂಬಿಕೆ.

ಈಗ ನಿಲ್ಲುವ ವಿಷಯ. ಅಮೆರಿಕದ ಪೌರತ್ವ ಬೇಕು, ವರ್ಜೀನಿಯಾದಲ್ಲಿ ಒಂದು ವರ್ಷ ವಾಸ ಇರಬೇಕು, ಆ ಕ್ಷೇತ್ರದ ಮತದಾರನಾಗಿರಬೇಕು. ಮತದಾರರ 125 ಸಹಿ ಸಾಕು. ಮತಪತ್ರದಲ್ಲಿ ಸ್ಥಳೀಯ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷ ಬರೆದಿರುವುದಿಲ್ಲ. ಹಾಗಾಗಿ ಹೆಸರು ಪರಿಚಯ ಮಾಡಿಕೊಂಡು ಬಾಗಿಲು ತಟ್ಟುವವನಿಗೆ ಬೆಲೆ ಜಾಸ್ತಿ. ಬೆಂಗಳೂರಿನಿಂದ ಬಂದ ದಂಪತಿಯ ಮಗ ಸುಹಾಸ್ ಸುಬ್ರಮಣ್ಯಂ ಇಲ್ಲಿನ ಈ ಭಾಗದಿಂದಲೇ 2019ರಲ್ಲಿ ರಾಜ್ಯದ ಶಾಸಕರಾಗಿ, 2024ರಲ್ಲಿ ಕಾಂಗ್ರೆಸ್‌ಗೂ (ಅಮೆರಿಕದ ಸಂಸತ್ತಿಗೂ) ಗೆದ್ದರು. ಇಲ್ಲಿನ ಜನ ಹೆಸರು ಉದ್ದ ಇದೆ ಅಂತ ದೂರ ಇಡುವವರಲ್ಲ.

ನಿನಗೆ ಇರುವುದು ಎಚ್‌-1ಬಿ ಕೆಲಸದ ವೀಸಾ. ಕಾಯಂ ವಾಸಕ್ಕೆ ಬೇಕಾದ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ಗೊತ್ತೇ ಇದೆ, ಅದು ಸಿಕ್ಕ ಮೇಲೂ ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷ. ಅಲ್ಲಿಯವರೆಗೆ ಎರಡು ವಿಷಯದಲ್ಲಿ ಹುಷಾರು. ಗ್ರೀನ್ ಕಾರ್ಡ್ ಇಲ್ಲದವರು ಯಾವ ಚುನಾವಣೆಗೂ ಒಂದು ಡಾಲರ್ ದೇಣಿಗೆ ಕೊಡಬಾರದು, ಅಭ್ಯರ್ಥಿಯ ಹಣದ ತೀರ್ಮಾನಗಳಲ್ಲಿ ತಲೆ ಹಾಕಬಾರದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಯ ಪ್ರಶ್ನೆ ಬಂದರೆ ಓದಿ ಉತ್ತರಿಸು. ಪೌರ ಅಂತ ತಪ್ಪಾಗಿ ಟಿಕ್ ಹಾಕಿದರೆ ಮುಂದೆ ದೊಡ್ಡ ತೊಂದರೆ.

ಮಾಡಬಹುದಾದದ್ದು ಇನ್ನೂ ಬೇಕಾದಷ್ಟಿದೆ. ಸಂಬಳವಿಲ್ಲದೆ ಪ್ರಚಾರಕ್ಕೆ ಕೈ ಜೋಡಿಸಬಹುದು. ಹಿಯರಿಂಗ್‌ನಲ್ಲಿ ನಿಂತು ಮಾತಾಡಬಹುದು. ವರ್ಜೀನಿಯಾದಲ್ಲಿ ಸ್ಥಳೀಯ ಚುನಾವಣೆಯ ದೇಣಿಗೆಗೆ ಮಿತಿಯೇ ಇಲ್ಲ, ಆದರೆ ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಬಹಿರಂಗವಾಗಿ ಸಿಗುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊ. ಜಮೀನಿನ ಅರ್ಜಿಗಳೂ ಕೌಂಟಿ ವೆಬ್‌ಸೈಟಿನಲ್ಲಿವೆ. ಯಾರಾದರೂ ಅಭ್ಯರ್ಥಿ ಬಂದು ಹೊಸ ತೆರಿಗೆ ತರ್ತೀನಿ ಅಂದರೆ, ಅದಕ್ಕೆ ರಾಜ್ಯದ ರಾಜಧಾನಿ ರಿಚ್ಮಂಡ್‌ನ ಅನುಮತಿ ಇದೆಯಾ ಅಂತ ಕೇಳು. ರಾಜ್ಯ ಕೊಟ್ಟಷ್ಟೇ ಅಧಿಕಾರ ಇಲ್ಲಿನ ಕೌಂಟಿಗಳಿಗೆ.

ಮುಂದಿನ ಬೋರ್ಡ್ ಚುನಾವಣೆ 2027ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಒಂದು ಹಿಯರಿಂಗ್ ಆದರೂ ಕೂತು ನೋಡು. ಮುಂದಿನ ಸಲ ನಾನು ಲೀಸ್‌ಬರ್ಗ್‌ಗೆ ಹೋಗುವಾಗ ಫೋನ್ ಮಾಡ್ತೀನಿ, ಆಫೀಸಿನಿಂದಲೇ ನಿನ್ನನ್ನು ಹತ್ತಿಸಿಕೊಳ್ತೀನಿ. ಮಾತಾಡುವ ಮನಸ್ಸಿದ್ದರೆ ಮೊದಲೇ ಹೆಸರು ಬರೆಸಿಡು. ಸಿಗುವುದು ಎರಡು ಮೂರು ನಿಮಿಷ ಮಾತ್ರ, ಹೇಳಬೇಕಾದ್ದನ್ನು ಮನೆಯಲ್ಲೇ ಬರೆದುಕೊಂಡು ಬಾ.